ಅಂತರ ಕೈಕೊಟ್ಟ ಗಾಡಿ

ಟೋಲಿನ ಕಂಬ ಮೇಲೇಳಲೇ ಇಲ್ಲ.

ಗುರುಸಿದ್ಧ ಹಾರ್ನ್ ಹೊಡೆದ, ಕಿಟಕಿಯಿಂದ ಕೈ ಬೀಸಿದ, ಕೊನೆಗೆ ಬೈದ. ಕಂಬ ತನ್ನ ಪಾಡಿಗೆ ತಾನು ಅಡ್ಡ ಮಲಗಿತ್ತು. ಹುಬ್ಬಳ್ಳಿಯ ಸ್ಟ್ಯಾಂಡಿನಲ್ಲಿ ಸೀಟು ತುಂಬಿಸಿಕೊಂಡು ಬೆಳಗಾವಿಗೆ ಹೊರಟಿದ್ದ ಗಾಡಿ ಅದು. ಹಿಂದೆ ಕೂತಿದ್ದ ಮಂದಿ ಕುತ್ತಿಗೆ ಉದ್ದ ಮಾಡಿ ನೋಡಿದರು. ಮುಂದಿನ ಸೀಟಿನಲ್ಲಿ, ಅಕ್ಕನ ಬಸುರಿ ಮಗಳ ಕುಬಸಕ್ಕೆಂದು ಕೊಂಡ ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವಳು ಅವನ ಹೆಂಡತಿ ನೀಲಾಂಬಿಕಾ. ಅವಳ ಕಣ್ಣು ಡ್ಯಾಶ್‌ಬೋರ್ಡಿನ ಕಿತ್ತಳೆ ದೀಪದ ಮೇಲೆ ಬಿತ್ತು.

“ರೀ, ಅಂತರ ಹೋಗೇತಿ,” ಎಂದಳು.

“ಹೆಂಗ ಹೊಕ್ಕೈತಿ? ಧಾರವಾಡದಾಗ ಛಲೋ ಇತ್ತಲ್ಲ!”

“ಮಳಿ ಹತ್ತಿದ ಮ್ಯಾಲ ಹೋಗೇತಿ. ದೀಪಾ ನೋಡ್ರಿ.”

ಅಂತರ ಅಂದರೆ ಏನೆಂದು ಈಗ ಮಕ್ಕಳಿಗೂ ಹೇಳಬೇಕಿಲ್ಲ. ಕಂಪನಿಯವರು ಇಟ್ಟ ಹೆಸರು ಅಡಾಪ್ಟಿವ್ ಕ್ರೂಸ್ ಕಂಟ್ರೋಲ್. ಅಷ್ಟುದ್ದ ಹೆಸರನ್ನು ಯಾವ ಡ್ರೈವರ್ ಬಾಯಿ ನೋಯಿಸಿಕೊಂಡು ಹೇಳುತ್ತಾನೆ? ಗಾಡಿಯ ಮೂಗಿನಲ್ಲಿ ಕೂತ ರಾಡಾರ್, ಮುಂದಿನ ಗಾಡಿ ಎಷ್ಟು ದೂರದಲ್ಲಿದೆ, ಎಷ್ಟು ಜೋರಾಗಿ ಹೋಗುತ್ತಿದೆ ಎಂದು ಅಳೆಯುತ್ತಲೇ ಇರುತ್ತದೆ. ಅದು ನಿಧಾನವಾದರೆ ಇದೂ ನಿಧಾನ, ಅದು ಓಡಿದರೆ ಇದೂ ಓಟ. ಕಾಲಿಗೆ ಕೆಲಸವಿಲ್ಲ. ಮಂಜು ಮುಸುಕಿದ ಒಂದು ಬೆಳಗ್ಗೆ ಹೆದ್ದಾರಿಯಲ್ಲಿ ಬಸ್ಸು, ಲಾರಿ, ಕಾರುಗಳು ಒಂದರ ಬೆನ್ನಿಗೊಂದು ಗುದ್ದಿ ರಾಶಿಬಿದ್ದ ಮೇಲೆ ಸರ್ಕಾರ ಕಾನೂನು ಮಾಡಿತು: ಅಂತರವಿಲ್ಲದ ಗಾಡಿಗೆ ಹೆದ್ದಾರಿಯಿಲ್ಲ. ಟೋಲಿನ ಕಂಬವೇ ಗಾಡಿಯನ್ನು ಕೇಳುತ್ತದೆ. ಗಾಡಿ ಹೌದೆಂದರೆ ಮಾತ್ರ ಏಳುತ್ತದೆ. ಒಳ್ಳೆಯ ಕಾನೂನೇ, ಅಪಘಾತಗಳೂ ಕಡಿಮೆಯಾದವು. ಆದರೆ ಆಮೇಲೆ ಲೈಸೆನ್ಸ್ ತೆಗೆದ ಹುಡುಗರ ಕಾಲಿನಲ್ಲಿ ಮುಂದಿನ ಗಾಡಿಯಿಂದ ಎಷ್ಟು ದೂರ ಇರಬೇಕೆಂಬ ಅಂದಾಜೇ ಉಳಿಯಲಿಲ್ಲ. ಅಂತರ ಸತ್ತರೆ ಬಾಡಿಗೆ ಗಾಡಿಯವನ ಹೊಟ್ಟೆಪಾಡೂ ಸತ್ತಂತೆಯೇ.

ರೇನ್‌ಕೋಟಿನ ಪೊಲೀಸ್ ಬಂದು ಕಿಟಕಿ ಬಡಿದ. “ಕೆಳಗ ಇಳಸ್ರಿ ಗಾಡಿ. ಸರ್ವಿಸ್ ರೋಡ್ ಹಿಡೀರಿ.”

“ಸಾಹೇಬ್ರ, ಒಳಗ ಸೀಟ್ ಅದಾವ್ರಿ. ಸರ್ವಿಸ್ ರೋಡಿನ್ಯಾಗ ಹ್ವಾದ್ರ ಬೆಳಗಾವಿ ಮುಟ್ಟೂದ್ರಾಗ ಸಂಜಿ ಆಕ್ಕೈತ್ರಿ.”

“ಅದನ್ನ ನಿಮ್ಮ ಗಾಡಿಗಿ ಹೇಳ್ರಿ, ನನಗ ಹೇಳಬ್ಯಾಡ್ರಿ.”

ಹಿಂದಿನ ಸೀಟಿನ ಮುದುಕರೊಬ್ಬರು ಗುರುಸಿದ್ಧನ ಭುಜ ಅಲುಗಿಸಿದರು. “ತಮ್ಮಾ, ಇವತ್ತ ಕೋರ್ಟಿನ್ಯಾಗ ನನ್ನ ಹೆಸರ ಕೂಗತಾರೋ. ನಾ ಇರಲಿಲ್ಲಂದ್ರ ಹೊಲಾ ಅವರ ಪಾಲಾಕ್ಕೈತಿ. ಏನರ ಮಾಡೋ!”

ಏನು ಮಾಡಲಿಕ್ಕೆ ಬರುತ್ತದೆ? ಮಂದಿ ಬೈಯುತ್ತ ಮಳೆಯಲ್ಲೇ ಇಳಿದು ಬೇರೆ ಗಾಡಿಗೆ ಕೈ ಮಾಡುತ್ತ ನಿಂತರು. ಮುದುಕರು ಚಪ್ಪಲಿ ಕೈಯಲ್ಲಿ ಹಿಡಿದು ಟೋಲಿನ ಆಚೆ ಓಡಿದರು. ನೀಲಾಂಬಿಕಾ ಸರ್ವಿಸ್ ರೋಡಿನ ಕಡೆ ನೋಡಿದಳು. ಟ್ರ್ಯಾಕ್ಟರು, ಎಮ್ಮೆಗಳ ಹಿಂದೆ ಕಾರುಗಳ ಸಾಲು. ಎಲ್ಲವೂ ಒಂದೇ ಕಂಪನಿಯವು. ಬೇರೆ ಕಂಪನಿಯ ಗಾಡಿಗಳು ನೀರು ಚಿಮ್ಮಿಸುತ್ತ ಮೇಲಿನ ರಸ್ತೆಯಲ್ಲಿ ಹಾಯಾಗಿ ಹೋಗುತ್ತಿದ್ದವು. ಅವಳ ಮೈ ಉರಿದುಹೋಯಿತು. ಯಾಕೆಂದರೆ ಕೆಳಗೆ ಸಾಲುಗಟ್ಟಿದ್ದ ಅಷ್ಟೂ ಗಾಡಿ ಅವಳು ಸಂಬಳ ತೆಗೆದುಕೊಳ್ಳುವ ಕಂಪನಿಯವು, ಮತ್ತು ಅವುಗಳ ದೋಷ ಹುಡುಕುವುದೇ ಅವಳ ಕೆಲಸ.

ಕುಬಸಕ್ಕೆ ಅವರು ಮುಟ್ಟಿದಾಗ ಆರತಿ ಮುಗಿದು, ಊಟ ಮುಗಿದು, ಎಲೆ ಎತ್ತಿಯಾಗಿತ್ತು.

ಹುಬ್ಬಳ್ಳಿಯ ಬೈಪಾಸ್ ಪಕ್ಕದಲ್ಲಿ ಕಂಪನಿಯ ಕಟ್ಟಡ. ಕೆಳಗೆ ಸರ್ವಿಸ್ ಕೌಂಟರು, ಹಿಂದೆ ತಪಾಸಣಾ ಕೇಂದ್ರ, ಅದರ ಹಿಂದೆ ಗಾಡಿ ಓಡಿಸಿ ನೋಡುವ ಖಾಸಗಿ ರಸ್ತೆ. ಮರುದಿನ ನೀಲಾಂಬಿಕಾ ಗಂಡನ ಜೊತೆ ಕೌಂಟರಿನಲ್ಲಿ ನಿಂತಳು. ಅಲ್ಲಿ ಜಾತ್ರೆಯಂತೆ ಡ್ರೈವರುಗಳು ನೆರೆದಿದ್ದರು. ಕೌಂಟರಿನ ಹುಡುಗಿ ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದಳು.

“ಅಮಾಸಿಗೆ ನಿಂಬಿಹಣ್ಣು, ಮೆಣಸಿನಕಾಯಿ ಕಟ್ಟೀರೇನ್ರಿ? ಮುಂದ ವಿಭೂತಿ, ಕುಂಕುಮ ಹಚ್ಚೀರೇನ್ರಿ?”

“ಹಚ್ಚೀವ್ರಿ. ಯಾರ ಹಚ್ಚೂದಿಲ್ಲ?” ಎಂದ ಗುರುಸಿದ್ಧ.

“ಹಂಗಿದ್ರ ಅದ ಕಾರಣ. ರಾಡಾರಿಗೆ ಅಡ್ಡ ಬಂದೈತಿ. ಮಾಲೀಕರ ತಪ್ಪು. ಗ್ಯಾರಂಟಿ ಬರೂದಿಲ್ಲ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ! ಅಲ್ಲ, ಈ ಡ್ರೈವರುಗಳು ನಿಂಬೆಹಣ್ಣು ಕಟ್ಟಲು ಶುರುಮಾಡಿದ್ದು ನಿನ್ನೆಯೇ? ವರ್ಷಗಟ್ಟಲೆ ವಿಭೂತಿ ಬಳಿದುಕೊಂಡೇ ಅಂತರ ನಡೆದಿತ್ತಲ್ಲ! ನೀಲಾಂಬಿಕಾಗೆ ಕೌಂಟರಿನ ಹುಡುಗಿಯ ಮೇಲೆ ಸಿಟ್ಟು ಬರಲಿಲ್ಲ. ಅವಳು ಹೇಳಿಕೊಟ್ಟದ್ದನ್ನು ಹೇಳುತ್ತಿದ್ದಳು. ಹೇಳಿಕೊಟ್ಟವರ ಮೇಲೆ ಬಂತು.

ಗುರುಸಿದ್ಧನ ಗಾಡಿಯನ್ನು ಅವಳೇ ತಪಾಸಣಾ ಕೇಂದ್ರದೊಳಗೆ ತಂದಳು. ಅವಳ ಜೊತೆಗಾರ ಯಮನೂರಪ್ಪ ಬಂಪರ್ ಬಿಚ್ಚಿದ. ಮೊದಲು ವಿಭೂತಿ ಒರೆಸಿ ನೋಡಿದರು, ಮತ್ತೆ ದಪ್ಪಗೆ ಬಳಿದೂ ನೋಡಿದರು. ರಾಡಾರ್ ಎರಡು ಸಲವೂ ಎದುರಿಗಿಟ್ಟ ಲೋಹದ ಗುರಿಯನ್ನು ಸರಿಯಾಗಿ ಕಂಡಿತು. ರಾಡಾರಿನ ಮುಖ ಒಂದಿಷ್ಟೂ ವಾರೆಯಾಗಿರಲಿಲ್ಲ. ಗಾಜಿನ ಹಿಂದಿನ ಕ್ಯಾಮರಾ ಸ್ವಚ್ಛವಾಗಿತ್ತು. ಬ್ರೇಕ್ ಪೆಡಲಿನ ಸ್ವಿಚ್ಚು, ಚಕ್ರದ ಸೆನ್ಸರುಗಳು, ಬ್ಯಾಟರಿ, ವೈರುಗಳು ಎಲ್ಲ ಸರಿಯಿದ್ದವು. ಗಾಡಿಯನ್ನು ಉರುಳೆಗಳ ಮೇಲೆ ನಿಲ್ಲಿಸಿ, ನಿಂತಲ್ಲೇ ಹೆದ್ದಾರಿಯ ವೇಗದಲ್ಲಿ ಚಕ್ರ ಓಡಿಸಿದರು. ಅಂತರ ಗೊಣಗದೆ ಕೆಲಸ ಮಾಡಿತು.

“ಛಲೋ ಐತಲ್ರೀ ಮ್ಯಾಡಂ! ರೋಗಾ ಡಾಕ್ಟರ್ ಮುಂದ ಬಂದ ಕೂಡ್ಲೇ ಓಡಿ ಹೋಗೇತಿ,” ಎಂದ ಯಮನೂರಪ್ಪ.

“ಉರುಳಿ ಮ್ಯಾಲ ನೀರ ಬಿಡು.”

ಅವನು ಪೈಪು ಹಿಡಿದ. ಉರುಳೆಗಳು ಒದ್ದೆಯಾದದ್ದೇ ತಡ, ಕಿತ್ತಳೆ ದೀಪ ಹತ್ತಿತು.

ನೀಲಾಂಬಿಕಾ ಗಾಡಿಯೊಳಗಿನ ಕಂಪ್ಯೂಟರ್ ಪೆಟ್ಟಿಗೆಗಳು ಒಂದಕ್ಕೊಂದು ಕಳಿಸುವ ಸಂದೇಶಗಳನ್ನು ಪರದೆಗೆ ತಂದು ಕೂತಳು. ಅಂತರದ ಪೆಟ್ಟಿಗೆ, “ಇಷ್ಟು ಹತ್ತಿರ ಹೋಗೋಣ” ಅನ್ನುತ್ತಿತ್ತು. ಬ್ರೇಕಿನ ಪೆಟ್ಟಿಗೆ, “ಆಗದು” ಅನ್ನುತ್ತಿತ್ತು. ಚಕ್ರ ಕೂದಲೆಳೆಯಷ್ಟು ಜಾರಿದರೂ ಈ ಬ್ರೇಕಿನ ಪೆಟ್ಟಿಗೆಗೆ ತಿಳಿಯುತ್ತದೆ. ರಸ್ತೆಯ ಹಿಡಿತ ಎಷ್ಟಿದೆ, ಮುಂದಿನವನು ಗಕ್ಕನೆ ನಿಂತರೆ ನಾನು ನಿಲ್ಲಲು ಎಷ್ಟು ಜಾಗ ಬೇಕು ಎಂದು ಅದು ಲೆಕ್ಕ ಹಾಕುತ್ತದೆ. ಜಾಗ ಸಾಲದಿದ್ದರೆ ಒಪ್ಪಿಗೆ ಹಿಂತೆಗೆದುಕೊಳ್ಳುತ್ತದೆ. ಒಪ್ಪಿಗೆ ಹೋದರೆ ಅಂತರ ಬಂದ್. ಅಂದರೆ ಗಾಡಿಯಲ್ಲಿ ಏನೂ ಕೆಟ್ಟಿರಲಿಲ್ಲ. ಕೆಟ್ಟದ್ದನ್ನು ಮಾಡಲು ಒಲ್ಲೆನೆಂದು ಗಾಡಿ ಕೈಯೆತ್ತಿತ್ತು, ಅಷ್ಟೇ.

ಹಾಗಾದರೆ ಅಷ್ಟು ಹತ್ತಿರ ಹೋಗೆಂದು ಅಂತರಕ್ಕೆ ಕಲಿಸಿದವರು ಯಾರು?

ಅದು ಅವಳಿಗೆ ಗೊತ್ತಿತ್ತು. ಮೊದಲಿನ ಅಂತರ ಗಾಡಿಗಳ ನಡುವೆ ಧಾರಾಳ ಜಾಗ ಬಿಡುತ್ತಿತ್ತು. ನಮ್ಮಲ್ಲಿ ಜಾಗ ಬಿಟ್ಟರೆ ಏನಾಗುತ್ತದೆ? ಬಸ್ಸಿನ ಸೀಟಾಗಲಿ, ರೇಷನ್ ಅಂಗಡಿಯ ಸಾಲಾಗಲಿ, ಒಂದು ಅಂಗೈಯಗಲ ಸಂದು ಕಂಡರೆ ಅಲ್ಲೊಬ್ಬ ಬಂದು ತೂರುತ್ತಾನೆ. ಹೆದ್ದಾರಿಯಲ್ಲೂ ತೂರಿದರು. ಒಬ್ಬ ತೂರಿದಾಗಲೆಲ್ಲ ಅಂತರ ಗಕ್ಕನೆ ಬ್ರೇಕ್ ಹಾಕುತ್ತಿತ್ತು, ಹಿಂದೆ ಕೂತ ಮಂದಿ ಮುಂದಿನ ಸೀಟಿಗೆ ಹಣೆ ಬಡಿದುಕೊಳ್ಳುತ್ತಿದ್ದರು. ಗಿರಾಕಿಗಳು ರಂಪ ಮಾಡಿದರು. ಆಗ ಕಂಪನಿ ಇಲ್ಲಿನ ಡ್ರೈವರುಗಳನ್ನೇ ಕರೆದು, ನೀವು ಹೇಗೆ ಓಡಿಸುತ್ತೀರೋ ಹಾಗೆಯೇ ಓಡಿಸಿ ಎಂದು ಬಿಟ್ಟು, ಅವರು ಬಿಡುವ ಸಂದನ್ನೇ ಯಂತ್ರಕ್ಕೆ ಕಲಿಸಿ, ಆ ಹೊಸ ಅಂತರವನ್ನು ತನ್ನ ಎಲ್ಲ ಗಾಡಿಗಳಿಗೂ ಹಾಕಿತು. ಆ ಪಾಠ ನಡೆದದ್ದು ಶಿವರಾತ್ರಿಯಿಂದ ಬಸವ ಜಯಂತಿಯವರೆಗೆ. ಮನೆ ಕಟ್ಟುವುದಾಗಲಿ, ಮದುವೆಯಾಗಲಿ, ನಮ್ಮ ಕಡೆ ಎಲ್ಲ ಕೆಲಸವನ್ನೂ ಮಳೆಗಾಲಕ್ಕೆ ಮುಂಚೆ ಮುಗಿಸುವುದು ರೂಢಿ. ಇದನ್ನೂ ಹಾಗೆಯೇ ಮುಗಿಸಿದರು. ಒಂದು ಹನಿ ಬೀಳದ ಒಣ ರಸ್ತೆಯ ಮೇಲೆ!

“ಮಳಿಗಾಲದ ಓಟ ಯಾವಾಗ ಸರ್?” ಎಂದು ಅವಳು ಆಗಲೇ ಕೇಳಿದ್ದಳು. “ಆಮ್ಯಾಲ ನೋಡೂಣು,” ಎಂದಿದ್ದರು ಹುಬ್ಬಳ್ಳಿ ಕಚೇರಿಯ ಮುಖ್ಯಸ್ಥ ಬಾಗೇವಾಡಿ ಸಾಹೇಬರು. ಆ ಆಮೇಲೆ ಬರಲೇ ಇಲ್ಲ. ಮಳೆ ಬಂತು.

ಅವಳು ಕಂಡದ್ದನ್ನು ಹೇಳಿದಾಗ ಬಾಗೇವಾಡಿ ಸಾಹೇಬರು ಬೆರಗಾಗಲಿಲ್ಲ. ಚಹಾ ಕುಡಿಯುತ್ತಿದ್ದವರು ಕಪ್ಪನ್ನು ಕೆಳಗೂ ಇಡಲಿಲ್ಲ.

“ಅದು ನಮಗ ಮೊನ್ನೇನ ಗೊತ್ತಾಗೇತಿ. ತಿದ್ದುಪಡಿನೂ ತಯಾರೈತಿ. ಇನ್ನ ಮ್ಯಾಲ ಬ್ರೇಕಿನ ಪೆಟಗಿ ಆಗೂದಿಲ್ಲ ಅಂದ್ರ ಅಂತರ ಅದನ್ನ ಕಿವ್ಯಾಗ ಹಾಕ್ಕೊಳ್ಳೂದಿಲ್ಲ. ದೀಪ ಹತ್ತೂದಿಲ್ಲ, ಕಂಬ ಏಳತೈತಿ. ಎಲ್ಲಾರಿಗೂ ಸಮಾಧಾನ. ತಪಾಸಣೆ ಮುಖ್ಯಸ್ಥೆ ಅಂತ ನಿಮ್ಮದೊಂದ ಸಹಿ ಬೇಕಲ್ಲ, ಅದಕ್ಕ ಕಾದೀವಿ.”

“ಸರ್, ಗಾಡಿ ನಿಲ್ಲೂದಿಲ್ಲ ಅಂತ ಹೇಳೂದು ಅದೊಂದ ಪೆಟಗಿ! ಅದರ ಬಾಯಿಗೆ ಬಟ್ಟಿ ತುರಕತೀರೇನು?”

“ಅದು ಅಂಜಬುರಕ ಪೆಟಗಿ. ಬ್ಯಾರೆ ದೇಶದ ಲೆಕ್ಕ ಅದು.”

“ಒದ್ದಿ ರಸ್ತಾದ ಮ್ಯಾಲ ಚಕ್ರ ಜಾರೂದಕ್ಕ ಬ್ಯಾರೆ ದೇಶಾ, ನಮ್ಮ ದೇಶಾ ಅಂತ ಇರತೈತೇನ್ರಿ ಸರ್? ಹಳೇ ಅಂತರಾನ ಮತ್ತ ಹಾಕಿಬಿಡ್ರಿ. ಒಂದ ದಿನದ ಕೆಲಸ.”

ಈಗ ಅವರು ಕಪ್ಪು ಕೆಳಗಿಟ್ಟರು. “ಹಳೇದು ಹಾಕಿದ್ರ ತಪ್ಪ ನಮ್ಮದು ಅಂತ ಒಪ್ಪಿಕೊಂಡಂಗ. ಈಗ ತಪ್ಪ ನಿಂಬಿಹಣ್ಣಿಂದು. ತಿಳೀತಿಲ್ಲ? ಸಹಿ ಮಾಡ್ರಿ. ನೀವು ಮಾಡಲಿಲ್ಲಂದ್ರ ಮಾಡಾವ್ರು ಬರ್ತಾರ.”

ನಾಚಿಕೆಯೆಂಬುದು ಒಂದಿಷ್ಟಾದರೂ ಬೇಡವೇ ಮನುಷ್ಯನಿಗೆ! ನೀಲಾಂಬಿಕಾ ಎದ್ದು ಬಂದಳು. ಬಾಗಿಲು ಹಾಕಿಕೊಂಡ ರಭಸಕ್ಕೆ ಗೋಡೆಯ ಕ್ಯಾಲೆಂಡರ್ ಬಿತ್ತು.

ಮನೆಯಲ್ಲಿ ಬೇರೆಯೇ ರಾಮಾಯಣ. ಅತ್ತೆ ಬಸಲಿಂಗವ್ವ ದೇವರ ಮುಂದೆ ಕೂತು ಕಣ್ಣೀರು ಹಾಕುತ್ತಿದ್ದಳು. ಪ್ರತಿ ಅಮಾವಾಸ್ಯೆ ಮಗನ ಗಾಡಿಗೆ ನಿಂಬೆಹಣ್ಣು ಪೋಣಿಸುವವಳು ಅವಳೇ.

“ನನ್ನ ಕೈಯಿಂದನ ನನ್ನ ಮಗನ ಅನ್ನಕ್ಕ ಕಲ್ಲ ಬಿತ್ತಲ್ಲವಾ!”

“ಅತ್ತೀ, ನಿಮ್ಮ ನಿಂಬಿಹಣ್ಣು ಏನೂ ಮಾಡಿಲ್ಲ. ಆ ಮಂದಿ ಸುಳ್ಳ ಹೇಳಾಕತ್ತಾರ. ಏಳ್ರಿ ಮ್ಯಾಲ, ಊಟ ಮಾಡ್ರಿ.”

“ಓದಿದ ಮಂದಿ ಸುಳ್ಳ ಹೇಳತಾರೇನು?”

ಈ ಮಾತಿಗೆ ನೀಲಾಂಬಿಕಾಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅತ್ತೆಯನ್ನು ಅಳಿಸಿದವರ ಕತ್ತಿನಪಟ್ಟಿ ಹಿಡಿದು ಇದೇ ಪಡಸಾಲೆಗೆ ಎಳೆದು ತರಬೇಕು ಅನ್ನಿಸಿತು.

ಗುರುಸಿದ್ಧ ಊಟಕ್ಕೆ ಕೂತರೂ ರೊಟ್ಟಿ ಮುರಿಯಲಿಲ್ಲ. ಅವನ ಮನೆತನವೇ ಗಾಡಿಯದು. ಅಪ್ಪ ಟೆಂಪೋ ಓಡಿಸಿದವನು, ಅಜ್ಜ ಜಟಕಾ. ಹುಬ್ಬಳ್ಳಿ ಬೆಳಗಾವಿ ಸೀಟಿನ ದಂಧೆ ಹೆದ್ದಾರಿಯಿಲ್ಲದೆ ಒಂದು ವಾರವೂ ನಡೆಯದು. ಸ್ಟ್ಯಾಂಡಿನಲ್ಲಿ ಬೇರೆ ಕಂಪನಿಯ ಗಾಡಿಯವರು ಅವನ ಪಾಳಿಯ ಸೀಟನ್ನು ಆಗಲೇ ತುಂಬಿಸಿಕೊಳ್ಳುತ್ತಿದ್ದರು.

“ತಿದ್ದುಪಡಿ ಬಂದೈತಂತ,” ಎಂದ. “ನೀ ಸಹಿ ಮಾಡವಲ್ಲಿ ಅಂತ ಸ್ಟ್ಯಾಂಡಿನ್ಯಾಗ ಎಲ್ಲಾರ ಬಾಯಾಗೂ ಅದ ಐತಿ. ಗುರಸಿದ್ದಾ, ನಿನ್ನ ಹೇಣ್ತಿನ ನಿನ್ನ ಗಾಡಿಗೆ ಅಡ್ಡ ನಿಂತಾಳಲ್ಲೋ ಅಂತಾರ. ನಾ ಎಲ್ಲಿ ಮಾರಿ ಇಟಗೊಳ್ಳಲಿ?”

“ಆ ತಿದ್ದುಪಡಿ ಹಾಕಿದ್ರ ಮಳ್ಯಾಗ ಗಾಡಿ ನಿಲ್ಲೂದಿಲ್ರೀ!”

“ನಿಲ್ಲೂದಿಲ್ಲ ಅಂತ ಯಾರ ಹೇಳಿದ್ರು? ಒಂದ ಪೆಟಗಿ ಹೇಳತೈತಿ. ಸಾಹೇಬ್ರು ನಿಲ್ಲತೈತಿ ಅಂತಾರ. ಸಂದು ಕಡಿಮಿ ಮಾಡ್ರಿ ಅಂತ ಕೇಳಿದಾವ್ರು ನಾವ, ನೀಲಾ. ನಾನೂ ಕೇಳೀನಿ. ತೂರತಾರ, ತಡಕೊಳ್ಳಾಕ ಆಗೂದಿಲ್ಲ ಅಂತ. ಅವ್ರು ಮಾಡಿ ಕೊಟ್ಟಾರ. ನಿಂದೇನ ಹಟಾ?”

“ಹಟಾ? ನನ್ನ ಹಟಾ ಅಂತೀರೇನು? ನಿಮ್ಮ ಗಾಡ್ಯಾಗ ಮುಂದ ಕೂಡಾಕಿ ನಾ!”

“ಕೂಡಬ್ಯಾಡ ಹಂಗಾರ!”

ಅವನು ತಾಟು ಸರಿಸಿ ಎದ್ದು ಹೋದ. ಬಸಲಿಂಗವ್ವ ಒಳಗಿನಿಂದ, “ಅನ್ನದ ಮ್ಯಾಲ ಸಿಟ್ಟ ಮಾಡಬ್ಯಾಡ್ರೋ,” ಎಂದಳು. ನೀಲಾಂಬಿಕಾ ಸಿಟ್ಟಿನಲ್ಲಿ ತನ್ನ ರೊಟ್ಟಿಯನ್ನೂ ತಿಂದಳು, ಅವನದನ್ನೂ ತಿಂದಳು. ಹೊಟ್ಟೆ ತುಂಬಿತೇ ಹೊರತು ಸಿಟ್ಟು ಇಳಿಯಲಿಲ್ಲ.

ಮರುದಿನ ಬೆಳಗ್ಗೆ ಅವಳು ಬಾಗೇವಾಡಿ ಸಾಹೇಬರ ಕೋಣೆಗೆ ಹೋಗಿ, “ಸಹಿ ಮಾಡ್ತೀನಿ ಸರ್. ಆದ್ರ ಒದ್ದಿ ರಸ್ತಾದ ಮ್ಯಾಲ ಒಂದ ಓಟ ಆಗಬೇಕು,” ಎಂದಳು.

“ಆಗ್ಲಿ, ಆಗ್ಲಿ,” ಎಂದರು ಸಾಹೇಬರು. ಹೆಣ್ಣುಮಗಳು ದಾರಿಗೆ ಬಂದಳೆಂದು ಅವರ ಮುಖ ಅರಳಿತು.

ಓಟಕ್ಕೆ ಗುರುಸಿದ್ಧನ ಗಾಡಿಯನ್ನೇ ಆರಿಸಿ ಅದಕ್ಕೆ ತಿದ್ದುಪಡಿ ಹಾಕಿದರು. ಎಲ್ಲರಿಗಿಂತ ಮೊದಲು ನನ್ನ ಗಾಡಿಗೇ ತಿದ್ದುಪಡಿ ಹಾಕಿ ಎಂದು ಅವನು ಬೆಳಗ್ಗಿನಿಂದ ಗೇಟಿನಲ್ಲಿ ಕಾದಿದ್ದ. ಹೆಂಡತಿಯ ಮುಖ ನೋಡದೆ ಸಾಹೇಬರಿಗೆ ನಮಸ್ಕಾರ ಮಾಡಿದ. ಖಾಸಗಿ ರಸ್ತೆಗೆ ಟ್ಯಾಂಕರಿನಿಂದ ನೀರು ಬಿಟ್ಟಿದ್ದರು. ಮೇಲಿನಿಂದ ಜಿಟಿಜಿಟಿ ಮಳೆಯೂ ಬರುತ್ತಿತ್ತು. ಮುಂದೆ ಹಗ್ಗ ಕಟ್ಟಿ ಎಳೆಯುವ ಸ್ಪಂಜಿನ ಕಾರು. ಅದು ಹೆದ್ದಾರಿಯ ವೇಗದಲ್ಲಿ ಓಡಿ ಗಕ್ಕನೆ ನಿಲ್ಲುತ್ತದೆ, ಹಿಂದಿನ ಗಾಡಿ ನಿಲ್ಲುತ್ತದೋ ಇಲ್ಲವೋ ನೋಡಬೇಕು. ಇಂಥ ಓಟಗಳಲ್ಲಿ ಡ್ರೈವರ್ ಇರುವುದಿಲ್ಲ. ಮುಂದಿನ ಎರಡೂ ಸೀಟಿನಲ್ಲಿ ಮನುಷ್ಯನಷ್ಟು ತೂಕದ ಉಸುಕಿನ ಮೂಟೆ ಕಟ್ಟಿ, ಗಾಡಿಯನ್ನು ದೂರದಿಂದ ಓಡಿಸುತ್ತಾರೆ. ಯಮನೂರಪ್ಪ ಮೂಟೆಗಳನ್ನು ಹೊತ್ತು ತಂದ.

“ಮೂಟಿ ಬ್ಯಾಡ,” ಎಂದಳು ನೀಲಾಂಬಿಕಾ.

“ಮತ್ತ?”

“ನಾ ಓಡಸ್ತೀನಿ. ಮುಂದಿನ ಸೀಟಿನ್ಯಾಗ ಬಾಗೇವಾಡಿ ಸಾಹೇಬ್ರು ಕೂಡತಾರ.”

ಸಾಹೇಬರು ನಕ್ಕರು. ಅವಳು ನಗಲಿಲ್ಲವೆಂದು ಕಂಡ ಮೇಲೆ ಅವರ ನಗುವೂ ನಿಂತಿತು.

ಗುರುಸಿದ್ಧನಿಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. ಅವನಿಗೆ ಉತ್ಸಾಹವೇ ಬಂತು. ಹೆಗಲ ಮೇಲಿನ ಟವೆಲಿನಿಂದ ಮುಂದಿನ ಸೀಟು ಒರೆಸಿ, ಸ್ಟ್ಯಾಂಡಿನಲ್ಲಿ ದೊಡ್ಡ ಮನುಷ್ಯರಿಗೆ ಮಾಡುವ ಹಾಗೆ ಬಾಗಿಲು ತೆಗೆದು ಹಿಡಿದ. “ಬರ್ರಿ ಸಾಹೇಬ್ರ, ಕೂಡ್ರಿ. ಈಕಿಗೂ ಒಮ್ಮೆ ಖಾತ್ರಿ ಆಗ್ಲಿ. ನನ್ನ ಗಾಡಿ ಹೂವಿನಂಗ ಹೊಕ್ಕೈತಿ.”

“ನನಗ ಹನ್ನೊಂದಕ್ಕ ಮೀಟಿಂಗ್ ಐತಿ,” ಎಂದರು ಸಾಹೇಬರು.

“ಎರಡ ನಿಮಿಷದ ಓಟ ಸರ್,” ಎಂದಳು ನೀಲಾಂಬಿಕಾ.

“ಬೆನ್ನ ನೋವು ಐತಿ ನನಗ. ಡಾಕ್ಟರ್ ಬ್ಯಾಡಂದಾರ.”

“ಗಾಡಿ ನಿಲ್ಲತೈತಿ ಅಂತ ನೀವ ಹೇಳೀರಿ. ನಿಲ್ಲೂ ಗಾಡ್ಯಾಗ ಕುಂತ್ರ ಬೆನ್ನಿಗೆ ಏನ ಆಕ್ಕೈತ್ರಿ?”

“ನಿಯಮದಾಗ ಹಂಗ ಇಲ್ಲ!” ಸಾಹೇಬರ ದನಿ ಏರಿತು. “ಇಂಥಾ ಓಟದಾಗ ಮನಷ್ಯಾರು ಕೂಡಬಾರದು. ಅದಕ್ಕ ಮೂಟಿ ಇಟ್ಟಿಲ್ಲೇನು? ಮೂಟಿ ಕೂಡಸ್ರಿ!”

ಗುರುಸಿದ್ಧ ಬಾಗಿಲು ಹಿಡಿದೇ ನಿಂತಿದ್ದ. ಅವನ ಮುಖದ ಮೇಲಿನ ನಗು ಮೊದಲು ಬಾಯಿಂದ ಹೋಯಿತು, ಆಮೇಲೆ ಕಣ್ಣಿಂದ. ಸೀಟು ತುಂಬಿಸುವವನು ಅವನು. ನಿಜವಾಗಿ ಬೆನ್ನು ನೋಯುವವನ ಮುಖ ಯಾವುದು, ಗಾಡಿ ಹತ್ತಲು ಹೆದರುವವನ ಮುಖ ಯಾವುದು ಎಂದು ಅವನಿಗೆ ಯಾರೂ ಕಲಿಸಬೇಕಿರಲಿಲ್ಲ. ಅವನು ಮುಂದಿನ ಸೀಟನ್ನು ನೋಡಿದ, ಮೊನ್ನೆ ಸೀರೆಯ ಚೀಲ ತೊಡೆಯ ಮೇಲಿಟ್ಟುಕೊಂಡು ಅಲ್ಲಿ ಕೂತು ಬಂದಿದ್ದ ಹೆಂಡತಿಯನ್ನು ನೋಡಿದ.

“ಸಾಹೇಬ್ರ,” ಎಂದ ಮೆಲ್ಲಗೆ. “ನನ್ನ ಗಾಡ್ಯಾಗ ಮೂಟಿ ಕೂಡೂದಿಲ್ರಿ. ಮಂದಿ ಕೂಡತಾರ.”

“ನೋಡಪಾ, ಇದು ತಾಂತ್ರಿಕ ವಿಷಯ. ನಿನಗ ತಿಳಿಯೂದಿಲ್ಲ.”

“ನೀವು ಕೂಡೂದಿಲ್ಲ ಅನ್ನೂದು ತಿಳೀತ್ರಿ. ಅಷ್ಟ ಸಾಕು.” ಅವನ ದನಿ ಈಗ ಮೆಲ್ಲಗಿರಲಿಲ್ಲ. “ನಮ್ಮವ್ವನ್ನ ಅಳಸೀರಿ. ನಿನ್ನೆ ಈಕಿ ಮುಂದ ನಾ ತಾಟ ಸರಿಸಿ ಎದ್ದ ಹೋಗೀನಿ, ನಿಮ್ಮ ಮಾತ ನಂಬಿ! ಕೋರ್ಟಿಗಿ ಹೊಂಟಿದ್ದ ಮುದುಕನ್ನ ನನ್ನ ಗಾಡಿ ಹತ್ತಿಸಿಕೊಂಡಿದ್ದೆ. ಅವನ್ನ ಕೂಡಸ್ಬೋದು, ನಿಮ್ಮನ್ನ ಕೂಡಸ್ಬಾರದು. ಅವ ಯಾರ ಮಗ, ನೀವು ಯಾರ ಮಗ?”

ಅವನು ಕಿಸೆಯಿಂದ ಫೋನ್ ತೆಗೆದ. ಸ್ಟ್ಯಾಂಡಿನಲ್ಲಿ ಗಾಡಿಗಳ ಪಾಳಿ ಕೂಗುವ ಫಕೀರಪ್ಪ ಕಾಕಾನಿಗೆ ಹಚ್ಚಿದ.

“ಕಾಕಾ, ಎಲ್ಲಾರನ್ನೂ ಕರೀ. ಫೋನ್ ಸ್ಪೀಕರಿಗೆ ಹಾಕು. ಹಾಂ. ಕೇಳ್ರಪಾ, ತಿದ್ದುಪಡಿ ಯಾರೂ ಹಾಕಿಸ್ಕೊಬ್ಯಾಡ್ರಿ. ಯಾಕ ಅಂದ್ರ ಅದನ್ನ ಹಾಕಸ್ರಿ ಅನ್ನೂ ಸಾಹೇಬ್ರು ಗಾಡ್ಯಾಗ ಮುಂದ ಕೂಡಾಕ ಒಲ್ಲೆ ಅನ್ನಾಕತ್ತಾರ. ಹೌದೋ, ನನ್ನ ಗಾಡ್ಯಾಗ! ಬಾಗಲಾ ತಗದ ಹಿಡದ ನಿಂತೀನಿ, ಒಲ್ಲೆ ಅಂತಾರ. ಹಳೇ ಅಂತರಾ ಹಾಕಿಕೊಡೂ ತನಕಾ ಎಲ್ಲಾರೂ ಗಾಡಿ ತಂದು ಈ ಗೇಟಿನ ಮುಂದ ಹಚ್ಚೂಣು.”

ಫೋನಿನಿಂದ ಗದ್ದಲ ಕೇಳಿಸಿತು. ಬಾಗೇವಾಡಿ ಸಾಹೇಬರು ಕೆಂಪಾಗಿ ನೀಲಾಂಬಿಕಾಳ ಕಡೆ ತಿರುಗಿದರು. “ಫೋನ್ ಇಡಾಕ ಹೇಳ್ರಿ ನಿಮ್ಮ ಗಂಡಗ! ಕಂಪನಿ ಮಾನಾ ತಗೀತಾನವಾ! ನಿಮ್ಮ ಕೆಲಸ ಇವತ್ತಿಗೆ ಮುಗೀತು ಅಂತ ತಿಳ್ಕೋರಿ.”

“ಮುಗೀಲಿ ಸರ್,” ಎಂದಳು ನೀಲಾಂಬಿಕಾ. ನಿನ್ನೆಯಿಂದ ಎದೆಯಲ್ಲಿ ಕುದಿಯುತ್ತಿದ್ದದ್ದು ಈಗ ನಾಲಿಗೆಗೆ ನೆಟ್ಟಗೆ ಬಂತು. “ಕಂಪನಿ ಮಾನಾ ಉಳಸೂದು ಅಗದೀ ಸರಳ ಐತಿ. ಮಂದಿ ಇನ್ನೂ ಫೋನಿನ ಮ್ಯಾಲ ಅದಾರ. ಸೀಟ ಒರಿಸೇತಿ. ಬರ್ರಿ, ಕೂಡ್ರಿ.”

ಯಮನೂರಪ್ಪ ಹೊತ್ತಿದ್ದ ಮೂಟೆಯನ್ನು ಧೊಪ್ಪನೆ ನೆಲಕ್ಕೆ ಹಾಕಿದ. ತೆರೆದ ಬಾಗಿಲಿನಿಂದ ಮಳೆ ಒಳಗೆ ಎರಚಿ ಸೀಟು ನೆನೆಯುತ್ತಿತ್ತು. ಗುರುಸಿದ್ಧ ಬಾಗಿಲು ಹಾಕಲಿಲ್ಲ.

ಫೋನಿನಲ್ಲಿ ಫಕೀರಪ್ಪ ಕಾಕಾನ ದನಿ ಬಂತು. “ಗುರಸಿದ್ದಾ, ಕುಂತ್ರೇನೋ?”

ಗುರುಸಿದ್ಧ ಸಾಹೇಬರನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

“ಇಲ್ಲ ಕಾಕಾ,” ಎಂದ. “ನಿಂತಾರ.”